ಅಮಾವಾಸ್ಯೆ ನೀರಿನ ಹಾಜರಿ

ಪ್ರಶ್ನೆ ಕೇಳುವುದೇ ನನ್ನ ಉದ್ಯೋಗ ಎಂದರೆ ಹಬ್ಬುವಾಡದ ನಮ್ಮ ಓಣಿಯಲ್ಲಿ ಯಾರೂ ಒಪ್ಪುವುದಿಲ್ಲ. “ಅದಕ್ಕೂ ಸಂಬಳ ಕೊಡ್ತಾರಂತೆ. ನಮ್ಮನೆಯಲ್ಲಿ ಇಷ್ಟು ವರ್ಷ ಪುಕ್ಕಟೆ ಕೇಳಿದ್ಲು” ಎಂದು ನನ್ನ ಗಂಡನೇ ಗೇಟಿನ ಬಳಿ ನಿಂತು ನೆರೆಯವರಿಗೆ ಹೇಳುತ್ತಾರೆ. ನಾನೂ ಸುಮ್ಮನಿರುವವಳಲ್ಲ. “ಮನೆಯಲ್ಲಿ ಉತ್ತರ ಸಿಕ್ಕಿದ್ದರೆ ಊರೂರು ಯಾಕೆ ಅಲೀತಿದ್ದೆ” ಎಂದು ಒಳಗಿನಿಂದಲೇ ತಿರುಗಿಸಿ ಕೊಡುತ್ತೇನೆ. ಈ ಜಗಳವೆಲ್ಲ ಕೊಂಕಣಿಯಲ್ಲಿ ನಡೆಯುತ್ತದೆ. ಕನ್ನಡ ನಮಗೆ ಹೊಸ್ತಿಲು ದಾಟಿದ ಮೇಲೆ.

ಕೆಲಸ ಇಷ್ಟೇ. ಮಕ್ಕಳಿಗಾಗಿ ಸರ್ಕಾರ ಏನೇನೋ ಯೋಜನೆ ಮಾಡುತ್ತದೆ. ಅದು ಮಕ್ಕಳ ತನಕ ತಲುಪಿತೋ, ದಾರಿಯಲ್ಲೇ ಎಲ್ಲಾದರೂ ಕೂತುಬಿಟ್ಟಿತೋ ನೋಡಿ ಹೇಳುವವರು ಬೇಕು. ಅದಕ್ಕೊಂದು ಸಂಸ್ಥೆ, ಸಂಸ್ಥೆಗೆ ಕಾರವಾರದಲ್ಲೊಂದು ಬಾಡಿಗೆ ಕಚೇರಿ, ಕಚೇರಿಗೆ ನಮ್ಮಂಥ ನಾಲ್ಕಾರು ಹೆಂಗಸರು. ಕೈಯಲ್ಲೊಂದು ಫೋನು, ಫೋನಿನೊಳಗೆ ಪ್ರಶ್ನೆಗಳು. ಮಗುವಿಗೆ ಚುಚ್ಚುಮದ್ದು ಆಗಿದೆಯೇ, ಅಂಗನವಾಡಿಯಲ್ಲಿ ತೂಕ ನೋಡಿದ್ದಾರೆಯೇ, ಶಾಲೆಯಲ್ಲಿ ಹೆಸರಿದೆಯೇ, ಕಳೆದ ವಾರ ಶಾಲೆಗೆ ಹೋಗಿದೆಯೇ, ಮನೆಯಲ್ಲಿ ಹೊಡೆಯುತ್ತೀರಾ, ಆಡಲು ಹೊತ್ತು ಸಿಗುತ್ತದೆಯೇ. ಮಕ್ಕಳ ಹಕ್ಕು ಎಂಬುದು ಭಾಷಣದಲ್ಲಿ ದೊಡ್ಡ ಮಾತು. ಜಗುಲಿಯ ಮೇಲೆ ಕೂತಾಗ ಅದು ಇಂಥ ಸಣ್ಣ ಸಣ್ಣ ಪ್ರಶ್ನೆಯಾಗುತ್ತದೆ. ಹೊಡೆಯುತ್ತೀರಾ ಎಂದರೆ ಎಲ್ಲ ತಾಯಂದಿರೂ ಇಲ್ಲಪ್ಪ ಎನ್ನುತ್ತಾರೆ, ಬಾಗಿಲ ಹಿಂದಿನಿಂದ ಯಾವುದೋ ಮಗು ಕಿಸಕ್ಕೆಂದು ನಗುತ್ತದೆ. ಆ ನಗೆಯನ್ನು ದಾಖಲು ಮಾಡಲು ಫೋನಿನಲ್ಲಿ ಜಾಗವಿಲ್ಲ.

ನನಗೆ ಈ ಕೆಲಸ ಇಷ್ಟ. ಜನ ಮೊದಲು ಗ್ಯಾಸಿನವಳೋ ರೇಷನ್ ಕಾರ್ಡಿನವಳೋ ಎಂದು ಅನುಮಾನದಿಂದ ನೋಡುತ್ತಾರೆ. ಮಕ್ಕಳ ಬಗ್ಗೆ ಕೇಳಲು ಬಂದವಳು ಎಂದರೆ ಮುಖ ಸಡಿಲವಾಗುತ್ತದೆ. ಮುರುಗಲ ಪಾನಕ ಬರುತ್ತದೆ. ಬಿಸಿಲಲ್ಲಿ ಬಂದೀರಿ ಎಂದು ಫ್ಯಾನು ತಿರುಗಿಸುತ್ತಾರೆ. ತಮ್ಮ ಮಗುವಿನ ಬಗ್ಗೆ ಯಾರಾದರೂ ಕೇಳಲಿ ಎಂದು ಎಲ್ಲರಿಗೂ ಆಸೆ ಇರುತ್ತದೆ ಎಂಬುದು ನನಗೆ ಈ ಕೆಲಸದಲ್ಲೇ ಗೊತ್ತಾದದ್ದು.

ಆದರೆ ಹೊಳೆ ದಂಡೆಯ ಕೇರಿಗಳಿಗೆ ಹೇಳದೆ ಹೋಗುವಂತಿಲ್ಲ. ಹೋದರೆ ಸಾಲುಮನೆಗಳಿಗೆಲ್ಲ ಚಿಲಕ, ಜಗುಲಿಯಲ್ಲಿ ನಾಯಿ. ಅದಕ್ಕೇ ಮೊದಲು ಫೋನು ಮಾಡಿ ಕೇಳುವುದು ನಮ್ಮ ರೂಢಿ. ಆಚೆ ಕಡೆಯವರು ತಾರೀಖು ಹೇಳುವುದಿಲ್ಲ, ತಿಥಿ ಹೇಳುತ್ತಾರೆ. “ಈಗೆ ಬರೂದು ಬೇಡ ಅಕ್ಕೋರೆ. ಅಷ್ಟಮಿ ಸುತ್ತಿಗೆ ಬರ್ರಿ, ಎಲ್ಲಾ ಮನೇಲೇ ಇರ್ತ್ರು.” ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸು. ನಾನು ಯಾರಿಗೂ ಏನೂ ಕಲಿಸಿದವಳಲ್ಲ, ಹೆಗಲಿನ ಚೀಲ ನೋಡಿ ಕರೆಯುತ್ತಾರೆ, ಬೇಡವೆನ್ನಲು ನನಗೂ ಮನಸ್ಸಿಲ್ಲ. ಅಷ್ಟಮಿ ಅಂದರೆ ಅಷ್ಟಮಿ. ಕರಾವಳಿಯಲ್ಲಿ ಹುಟ್ಟಿದವರು ಯಾಕೆ ಎಂದು ಕೇಳುವುದಿಲ್ಲ. ಕ್ಯಾಲೆಂಡರ್ ನೋಡಿ, ತಿಥಿಗೆ ಸರಿಯಾಗಿ ಬಸ್ಸು ಹತ್ತುತ್ತೇವೆ. ಹಾಗೆ ಹೋದರೆ ಯಾರಿಗೂ ತೊಂದರೆಯಿಲ್ಲ, ನಮ್ಮ ಕೆಲಸವೂ ಆಗುತ್ತದೆ ಎಂದುಕೊಂಡಿದ್ದೆವು.

ಆ ವರ್ಷ ನಮಗೆ ಕೊಟ್ಟದ್ದು ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಹೊಳೆ ಬದಿಯ ಕೇರಿಗಳು. ಹಟ್ಟಿಕೇರಿ ದಾಟಿ ನೀರಿನ ಕಡೆ ಇಳಿದರೆ ಅಂಥದೊಂದು ಕೇರಿ ಸಿಗುತ್ತದೆ. ಹೆಸರು ಬೇಡ. ಅಲ್ಲಿನ ಹೆಂಗಸರು ಹೊಳೆಗಿಳಿದು ಬಳಚು, ಅಂದರೆ ಚಿಪ್ಪಿ, ಹೆಕ್ಕಿ ಅಂಕೋಲೆ ಪೇಟೆಗೆ ಒಯ್ದು ಮಾರುತ್ತಾರೆ. ಗಂಡಸರಲ್ಲಿ ಬಹಳ ಮಂದಿ ದೂರದ ಬಂದರುಗಳಲ್ಲಿ ಬೋಟಿನ ಮೇಲೆ. ಹೀಗೆ ದುಡಿಯುವ ತಾಯಂದಿರ ಎಳೆಮಕ್ಕಳನ್ನು ಹಗಲು ನೋಡಿಕೊಳ್ಳಲೆಂದು ಹಳೆಯ ಕಟ್ಟಡದ ಒಂದು ಕೋಣೆಗೆ ಸುಣ್ಣ ಬಳಿದು ಕೊಟ್ಟಿದ್ದರು. ಕಾಗದದಲ್ಲಿ ಅದು ಶಿಶುಪಾಲನಾ ಕೇಂದ್ರ. ಯಾರೋ ಅಟ್ಟದಿಂದ ಮರದ ತೊಟ್ಟಿಲೊಂದನ್ನು ಇಳಿಸಿ ಕೊಟ್ಟಿದ್ದರಿಂದ ಕೇರಿಯವರ ಬಾಯಲ್ಲಿ ಅದು ತೊಟ್ಟಿಲ ಕೋಣೆ. ಮಕ್ಕಳನ್ನು ನೋಡಿಕೊಳ್ಳಲು ಅದೇ ಕೇರಿಯ ಒಬ್ಬ ಹೆಂಗಸು ಇದ್ದಳು, ಎಲ್ಲರೂ ಅವಳನ್ನು ಆಯಾ ಎನ್ನುತ್ತಿದ್ದರು.

ಆ ಯೋಜನೆಯ ತಿರುಳು ಸುಲಭವಾದದ್ದು. ಕೂಸು ತೊಟ್ಟಿಲ ಕೋಣೆಯಲ್ಲಿದ್ದರೆ ಅದರ ಅಕ್ಕ ಶಾಲೆಯಲ್ಲಿರುತ್ತಾಳೆ. ಕೋಣೆ ಇಲ್ಲದಿದ್ದರೆ ಕೂಸು ಅಕ್ಕನ ಸೊಂಟದ ಮೇಲೆ, ಅಕ್ಕ ಮನೆಯಲ್ಲಿ. ಇಂಥ ಕೋಣೆಗಳು ಯಾವ ಊರಿಗೆ ಬೇಕು, ಎಲ್ಲಿಂದ ಎತ್ತಿ ಎಲ್ಲಿಗೆ ಒಯ್ಯಬೇಕು ಎಂಬುದನ್ನು ನಾವು ತರುವ ಉತ್ತರಗಳ ಮೇಲೆ ನಿರ್ಧರಿಸುವವರಿದ್ದರು.

ಅಷ್ಟಮಿಯ ಹೊತ್ತಿಗೆ ಹೋದೆ. ಹೇಳಿದ ಹಾಗೆಯೇ ಎಲ್ಲ ಹೆಂಗಸರೂ ಮನೆಯಲ್ಲಿದ್ದರು. ಒಬ್ಬಳು ಅಕ್ಕಿ ಆರಿಸುತ್ತಿದ್ದಳು, ಒಬ್ಬಳು ಬಲೆಯ ಚೀಲ ಹೊಲಿಯುತ್ತಿದ್ದಳು, ಎಲ್ಲರ ಮಡಿಲಲ್ಲೂ ಅವರವರ ಕೂಸು. ತೊಟ್ಟಿಲ ಕೋಣೆಗೆ ಹೋಗಿ ನೋಡಿದರೆ ಆಯಾ ಒಬ್ಬಳೇ ಗೋಡೆಗೊರಗಿ ತೂಕಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ಕೂತು, “ಇವತ್ತು ಯಾರೂ ಇಲ್ಲಾ” ಎಂದಳು. ಯಾರೂ ಇಲ್ಲ ಎಂದು ಫೋನಿಗೆ ಹೇಳಿದೆ.

ಕೊನೆಯ ಮನೆಗೆ ಹೋಗುವಾಗ ಶಾಲೆ ಬಿಟ್ಟಿತ್ತು. ಆ ಮನೆಯ ಮಗಳು ಆರನೆಯ ತರಗತಿಯವಳು. ಮರುದಿನಕ್ಕೆಂದು ಯೂನಿಫಾರ್ಮು ತೊಳೆದು ಒಣಗಿಸಿ, ಬಿಸಿನೀರು ತುಂಬಿದ ತಂಬಿಗೆಯಿಂದ ಇಸ್ತ್ರಿ ಮಾಡುತ್ತಿದ್ದಳು. ಕಾಲರಿನ ತುದಿಯನ್ನು ಮೂರು ಸಲ ಒತ್ತಿದರೂ ಅವಳಿಗೆ ಸಮಾಧಾನವಿಲ್ಲ. ಇನ್ನೂ ನಡೆಯಲು ಕಲಿಯದ ಅವಳ ಪುಟ್ಟ ತಮ್ಮ, ತಾಯಿಯ ಮಡಿಲಿನಲ್ಲಿ ಕೂತು ಅವಳನ್ನೇ ನೋಡುತ್ತಿದ್ದ. ಕಳೆದ ವಾರ ಮಗಳು ಶಾಲೆಗೆ ಹೋಗಿದ್ದಾಳೆಯೇ ಎಂದು ತಾಯಿಯನ್ನು ಕೇಳಿದೆ. “ದಿನಾ ಹೋಗೀದು ಅಕ್ಕೋರೆ” ಎಂದಳು. ಕೂಸನ್ನು ತೊಟ್ಟಿಲ ಕೋಣೆಗೆ ಬಿಟ್ಟಿದ್ದೀರಾ ಎಂದೆ. “ನಾ ಮನೇಲೇ ಇದ್ನಲ್ಲ, ಎಂತಕೆ ಬಿಡೂದು?” ಎಂದಳು. ಎರಡೂ ಸತ್ಯ. ಎರಡನ್ನೂ ಒತ್ತಿ ಕಳಿಸಿದೆ.

ಹುಡುಗಿ ತಂಬಿಗೆ ಬದಿಗಿಟ್ಟು ಬಂದು ಫೋನಿನೊಳಗೆ ಇಣುಕಿದಳು.

“ಇದು ಎಲ್ಲಿಗೆ ಹೋಗೂದು ಅಕ್ಕೋರೆ?”

“ಬೆಂಗಳೂರಿಗೆ.”

“ನಾ ಶಾಲೆಗೆ ಹೋಗೂದು ಬೆಂಗಳೂರಿಗೆ ಎಂತಕೆ ಬೇಕು?”

“ನೀನು ಶಾಲೆಗೆ ಹೋಗೋದಕ್ಕೆ ಏನಾದ್ರೂ ಅಡ್ಡಿ ಇದ್ರೆ ತೆಗೀಲಿಕ್ಕೆ.”

ಅವಳು ತಾಯಿಯ ಮುಖ ನೋಡಿದಳು. ಏನೋ ಹೇಳುವವಳಿದ್ದಳು, ಅಷ್ಟರಲ್ಲಿ ತಂಬಿಗೆಯ ನೀರು ತಣ್ಣಗಾದೀತೆಂದು ನೆನಪಾಗಿ ಓಡಿದಳು. ನನಗೂ ಬಸ್ಸಿಗೆ ಹೊತ್ತಾಗಿತ್ತು, ಕೂತು ಕೇಳುವ ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ.

ನಮ್ಮ ಕಚೇರಿಯ ಸಾಹೇಬರು ಕಾಳಿ ಹೊಳೆ ದಂಡೆಯ ಕಿನ್ನರದವರು. ಸಾಹೇಬರು ಎಂದು ನಾವು ಕರೆಯುವುದು ಅವರ ಕುರ್ಚಿಗೆ ಕೈ ಇರುವುದರಿಂದ, ಉಳಿದಂತೆ ನಮ್ಮ ಹಾಗೇ ಅಲೆಯುವವರು. ಎಲ್ಲರ ಉತ್ತರಗಳೂ ಕೂಡಿ ಒಂದು ಪಟ್ಟಿಯಾಗಿ ಬಂದಾಗ ಅವರು ಖುಷಿಯಾದರು. ಹೊಳೆ ಬದಿಯ ಎಲ್ಲ ಕೇರಿಗಳಲ್ಲೂ ಮಕ್ಕಳು ತಪ್ಪದೆ ಶಾಲೆಗೆ ಹೋಗುತ್ತಿದ್ದಾರೆ. ತೊಟ್ಟಿಲ ಕೋಣೆಗಳು ಖಾಲಿ. ಮಕ್ಕಳು ಶಾಲೆಯಲ್ಲಿದ್ದಾರೆ, ಕೂಸುಗಳು ತಾಯಿಯ ಬಳಿ ಇವೆ, ಇನ್ನೇನು ಬೇಕು? ಕೋಣೆಗಳ ಆಯಾಗಳು ತಿಂಗಳು ತಿಂಗಳು ಕಳಿಸುತ್ತಿದ್ದ ಲೆಕ್ಕವನ್ನೂ ದಿನಕ್ಕೆ ಇಷ್ಟೆಂದು ಹಂಚಿ ನೋಡಿದ್ದರು. ಹಾಗೆ ಹಂಚಿದರೆ ಒಂದು ಕೋಣೆಗೆ ದಿನಕ್ಕೆ ಎರಡು ಮೂರು ಕೂಸು ಸಿಕ್ಕರೆ ಹೆಚ್ಚು. ಕೋಣೆಗಳನ್ನು ಬೇಡಿಕೆ ಇರುವ ಕಡೆಗೆ ಒಯ್ಯಬಹುದು ಎಂದು ವರದಿಯ ಕೊನೆಯಲ್ಲಿ ಒಂದು ಸಾಲು ಬಂತು. ಯಾರಿಗೂ ಬೇಡವಾದದ್ದನ್ನು ಬೇಕಾದವರಿಗೆ ಕೊಡುವುದರಲ್ಲಿ ತಪ್ಪೇನಿದೆ ಎಂದು ನಾನೂ ಅಂದೆ.

ವರದಿಗೆ ಒಂದು ಫೋಟೋ ಬೇಕಿತ್ತು, ಖಾಲಿ ಕೋಣೆಯದ್ದು. ಅಂಕೋಲೆಯಲ್ಲಿ ನಮ್ಮ ಸಂಬಂಧಿಕರ ಮನೆಗೆ ಹೋಗುವುದಿತ್ತು, ಹಾದಿಯಲ್ಲೇ ತೆಗೆದುಕೊಂಡು ಬರುತ್ತೇನೆ ಎಂದೆ. ಖಾಲಿ ಕೋಣೆಯ ಫೋಟೋಕ್ಕೆ ಯಾರನ್ನೂ ಕೇಳಬೇಕಾಗಿಲ್ಲ, ಫೋನು ಮಾಡಿ ತಿಥಿ ಗೊತ್ತುಮಾಡುವ ಕೆಲಸವಿಲ್ಲ. ನನಗೆ ಅನುಕೂಲವಾದ ದಿನ ಹೋದೆ. ಅದು ಅಮಾವಾಸ್ಯೆಯ ಮರುದಿನವಾಗಿತ್ತು.

ಕೇರಿಗೆ ಇಳಿಯುತ್ತಲೇ ಏನೋ ಬೇರೆ ಅನ್ನಿಸಿತು. ಮನೆಗಳಿಗೆಲ್ಲ ಚಿಲಕ. ಅಂಗಳದಲ್ಲಿ ಯಾರೂ ಇಲ್ಲ. ತೊಟ್ಟಿಲ ಕೋಣೆಯ ಕಡೆಯಿಂದ ಮಾತ್ರ ಗದ್ದಲ. ಫೋನಿನ ಕ್ಯಾಮೆರಾ ತೆರೆದು ಹಿಡಿದುಕೊಂಡೇ ಬಾಗಿಲು ದೂಡಿದೆ.

ಕೋಣೆ ತುಂಬಿತ್ತು. ತೊಟ್ಟಿಲಲ್ಲಿ ಎರಡು ಕೂಸು, ಚಾಪೆಯ ಮೇಲೆ ಹರಿದಾಡುವವು ಇನ್ನಷ್ಟು, ಒಂದು ಅಳುತ್ತಿತ್ತು, ಒಂದು ಇನ್ನೊಂದರ ಬೆರಳು ಚೀಪುತ್ತಿತ್ತು. ಅವುಗಳ ನಡುವೆ ಗೋಡೆಗುಂಟ ದೊಡ್ಡ ಹುಡುಗಿಯರು ಕೂತಿದ್ದರು. ಎಲ್ಲರೂ ಯೂನಿಫಾರ್ಮಿನಲ್ಲಿದ್ದರು, ಎಲ್ಲರ ಬದಿಯಲ್ಲೂ ಶಾಲೆಯ ಚೀಲ. ಕೊನೆಯಲ್ಲಿ ನನ್ನ ಆರನೆಯ ತರಗತಿಯವಳು, ಇಸ್ತ್ರಿ ಮಾಡಿದ ಕಾಲರಿನ ಮೇಲೆ ತಮ್ಮನ ಜೊಲ್ಲು ಸುರಿಸಿಕೊಳ್ಳುತ್ತ ಕೂತಿದ್ದಳು. ನಾನು ಖಾಲಿ ಎಂದು ಬರೆದ ಕೋಣೆ ಅದು, ದಿನಾ ಶಾಲೆಗೆ ಹೋಗುತ್ತಾಳೆ ಎಂದು ಬೆಂಗಳೂರಿಗೆ ಕಳಿಸಿದ ಹುಡುಗಿ ಅವಳು.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲದಾಗ ಎದುರಿಗಿದ್ದವರ ಮೇಲೆ ಬೀಳುವುದು ನನ್ನ ಸ್ವಭಾವ. “ಏನೇ, ದಿನಾ ಶಾಲೆಗೆ ಹೋಗ್ತಾಳೆ ಅಂದಿದ್ರಲ್ಲ ನಿಮ್ಮಮ್ಮ?” ಎಂದು ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಅಮಾಸೆ ನೀರು ಅಲ್ದಾ ಅಕ್ಕೋರೆ? ಇವತ್ತು ಹೆಂಗೆ ಹೋಗೂದು?” ಎಂದಳು.

ಅಷ್ಟೇ ಸಾಕಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ, ನಮಗೆ ಬೇಕಾಗಿತ್ತು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಿನ ದಿನಗಳಲ್ಲಿ ಹೊಳೆಯ ನೀರು ಬಹಳ ಇಳಿಯುತ್ತದೆ. ಚಿಪ್ಪಿಯ ದಿಬ್ಬ ಮೇಲೇಳುತ್ತದೆ. ಇಳಿತ ಬೆಳಗಿನ ಜಾವಕ್ಕೇ ಆಗುವುದರಿಂದ ಹೆಂಗಸರು ಕತ್ತಲೆಯಲ್ಲೇ ಹೊರಡುತ್ತಾರೆ, ನೀರು ಏರಿದ ಮೇಲೆ ಮೇಲೆ ಬಂದು ಹಾಗೆಯೇ ಪೇಟೆಗೆ ಹೋಗುತ್ತಾರೆ. ಅಷ್ಟಮಿಯ ಸುತ್ತಿಗೆ ಹೊಳೆ ಸೋಮಾರಿಯಾಗುತ್ತದೆ, ಏರುವುದೂ ಅಷ್ಟಕ್ಕಷ್ಟೆ, ಇಳಿಯುವುದೂ ಅಷ್ಟಕ್ಕಷ್ಟೆ. ಆಗ ಎಲ್ಲರೂ ಮನೆಯಲ್ಲಿ. ಇದು ಕಡಲ ಬದಿಯ ಕೂಸಿಗೂ ಗೊತ್ತು. ನನಗೂ ಗೊತ್ತು, ಹುಟ್ಟಿದಾಗಿನಿಂದ ಗೊತ್ತು, ಪೇಟೆಯಲ್ಲಿ ಚಿಪ್ಪಿ ಯಾವಾಗ ಅಗ್ಗ ಎಂದು ನೋಡಿಯೇ ಚೀಲ ಹಿಡಿದು ಹೋಗುವವಳು ನಾನು. ಗೊತ್ತಿದ್ದದ್ದರಿಂದಲೇ ಅಷ್ಟಮಿಗೆ ಬನ್ನಿ ಎಂದಾಗ ಹೂಂ ಎಂದೆ. ಮನೆಯವರು ಸಿಗಲಿ ಎಂದು ನೋಡಿದೆವು, ಮನೆಯವರು ಸಿಗುವ ದಿನ ತೊಂದರೆ ಸಿಗುವುದಿಲ್ಲ ಎಂದು ನೋಡಲಿಲ್ಲ. ಘಟ್ಟದ ಮೇಲಿನವರು ಯಾರಾದರೂ ಬಂದಿದ್ದರೆ ತಿಥಿಯ ಗೊಡವೆಯಿಲ್ಲದೆ ಯಾವುದೋ ಬುಧವಾರ ಬಂದು, ಕಣ್ಣಾರೆ ಕಂಡು, ಸರಿಯಾಗಿ ಬರೆದುಕೊಂಡು ಹೋಗುತ್ತಿದ್ದರು. ಊರವರ ಮರ್ಯಾದೆ ನಮ್ಮನ್ನು ಕೆಡಿಸಿತು.

“ಹೊತ್ತಿಗೆ ಸರಿಯಾಗಿ ತಂದು ಬಿಟ್ಟು ಶಾಲೆಗೆ ಹೋಗಬಾರದೇನೇ?” ಎಂದು ದನಿ ತಗ್ಗಿಸಿ ಕೇಳಿದೆ.

ಉತ್ತರವನ್ನು ಆಯಾ ಕೊಟ್ಟಳು. “ಕೀಲಿಕೈ ಪಂಚಾಯ್ತಿ ಕಚೇರೀಲಿ ಅದೆ. ಕಚೇರಿ ತೆಗೂದು ಹತ್ತಕ್ಕೆ. ಶಾಲೆ ಗಂಟೆ ಅದಕ್ಕೂ ಮೊದ್ಲೇ ಆಗೂದು.”

“ತಡವಾದ್ರೂ ಹೋಗಬಹುದಲ್ಲ?”

ಹುಡುಗಿ ತಮ್ಮನ ಅಂಗಿ ಸರಿಮಾಡುತ್ತ, “ಪ್ರಾರ್ಥನೆ ಮುಗದ್ ಮೇಲೆ ಹೋದ್ರೆ ಎಲ್ಲಾ ತಿರುಗಿ ನೋಡ್ತ್ರು” ಎಂದಳು. “ಒಂದಿನಾ ಆದ್ರೆ ಹೋಗೂಕಾಗ್ತದೆ. ದಿನಾ ಆಗುಲಾ.”

“ಮತ್ತೆ ಯೂನಿಫಾರ್ಮ್ ಯಾಕೆ ಹಾಕಿದ್ದಿ?”

“ಅಬ್ಬೆ ಬೇಗ ಬಂದ್ರೆ ಹೋಗೂಕೆ.”

ತಾಯಿ ಬೇಗ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಪ್ರತಿ ಸಲ ಬಿಸಿನೀರು ಕಾಯಿಸಿ ಇಸ್ತ್ರಿ ಮಾಡಿ, ಹಾಕಿಕೊಂಡು ಬಂದು ಕೂರುತ್ತಿದ್ದಳು. ನನ್ನ ಕಣ್ಣು ತುಂಬಿತು, ಅದನ್ನು ಯಾರೂ ನೋಡಬಾರದೆಂದು ಫೋಟೋ ತೆಗೆಯುವ ನೆಪದಲ್ಲಿ ಫೋನನ್ನು ಮುಖಕ್ಕೆ ಅಡ್ಡ ಹಿಡಿದೆ. ಮಕ್ಕಳ ಮುಖ ಬರದ ಹಾಗೆ ಬಾಗಿಲ ಹೊರಗಿನ ಚಪ್ಪಲಿಗಳ ರಾಶಿಯನ್ನಷ್ಟೇ ತೆಗೆದೆ. ಈ ಕೋಣೆಯನ್ನು ಎತ್ತಿಬಿಟ್ಟರೆ ಇವಳಿಗೆ ಕೂರಲು ಈ ಗೋಡೆಯೂ ಇರುವುದಿಲ್ಲ ಎಂದು ಹೆದರಿಕೆಯಾಯಿತು. ಮುಂದಿನ ವರ್ಷ ಏಳನೆಯ ತರಗತಿ, ಆಮೇಲೆ ಪೇಟೆಯ ಹೈಸ್ಕೂಲು, ತಿಂಗಳಲ್ಲಿ ಅರ್ಧದಷ್ಟು ದಿನ ಹೋಗದವಳು ಅಲ್ಲಿಯ ತನಕ ಉಳಿಯುವಳೇ? ಸಂಬಂಧಿಕರ ಮನೆಯನ್ನು ಅಲ್ಲೇ ಮರೆತು ಕಾರವಾರದ ಬಸ್ಸು ಹತ್ತಿದೆ.

ಸಾಹೇಬರು ಫೋಟೋ ನೋಡಿ, “ಖಾಲಿ ಕೋಣೆ ಎಲ್ಲಿ?” ಎಂದರು.

“ಖಾಲಿ ಇಲ್ಲ. ನಾವು ಹೋಗಿದ್ದು ಯಾವ ತಿಥಿಗೆ ನೆನಪು ಮಾಡ್ಕೊಳ್ಳಿ” ಎಂದೆ.

ಅವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ಅವರ ತಾಯಿಯೂ ಕಾಳಿ ಹೊಳೆಯಲ್ಲಿ ಚಿಪ್ಪಿ ಹೆಕ್ಕಿದವರೇ. “ಅರೇ ದೇವಾ” ಎಂದು ಕುರ್ಚಿಯಲ್ಲಿ ಕುಸಿದು ಕೂತು, ಆಮೇಲೆ ನಗಲು ಶುರುಮಾಡಿದರು. “ಕಿನ್ನರದಲ್ಲಿ ನಮ್ಮ ಮನೆಯವರೇ ನನಗೆ ಫೋನು ಮಾಡಿ ಅಷ್ಟಮಿಗೆ ಬಾ ಅಂದ್ರು ಮಾರಾಯ್ತಿ. ನಾ ಹೋಗಿ ಊಟ ಮಾಡಿ ಬಂದೆ.” ನನಗೂ ನಗು ಬಂತು. ಇಬ್ಬರೂ ನಕ್ಕು ಮುಗಿಸಿದ ಮೇಲೆ ಅವರು ವರದಿಯ ಕೊನೆಯ ಸಾಲನ್ನು ಅಳಿಸಿದರು.

ಅಳಿಸಿದರೆ ಮುಗಿಯಲಿಲ್ಲ, ಮೇಲಿನವರಿಗೆ ಹೇಳಬೇಕಿತ್ತು. ಬೆಂಗಳೂರಿನ ಮೇಡಮ್ ಫೋನಿನ ಪರದೆಯಲ್ಲಿ ಬಂದರು, ಸಣ್ಣ ವಯಸ್ಸು, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಮಕ್ಕಳ ಹಕ್ಕಿಗೂ ಅಷ್ಟಮಿಗೂ ಏನು ಸಂಬಂಧ ಎಂದು ಕೇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಾಗಿದ್ದರೆ ಸರಿ ಎಂದು ಫೋನಿಟ್ಟುಬಿಡುತ್ತಿದ್ದರು. ಇವರು ಹಾಗಲ್ಲ. ಸಾಹೇಬರು ಒಂದು ತಟ್ಟೆಯಲ್ಲಿ ನೀರು ಹಾಕಿ, ಆಚೆ ಈಚೆ ವಾಲಿಸಿ ತೋರಿಸಿದರು. ನೀರು ವರದಿಯ ಮೇಲೆ ಚೆಲ್ಲಿತು. ಮೇಡಮ್ ಮೂರು ನಾಲ್ಕು ಪ್ರಶ್ನೆ ಕೇಳಿ ಬರೆದುಕೊಂಡರು. ಆಮೇಲೆ, “ಹಾಗಾದರೆ ಉತ್ತರ ತಪ್ಪಲ್ಲ, ನಾವು ಕೇಳಿದ ದಿನ ತಪ್ಪು” ಎಂದರು. ನನಗೆ ಅವರು ಇಷ್ಟವಾದರು. ಹೊಳೆ ಬದಿಯ ಕೇರಿಗಳಿಗೆ ಇನ್ನೊಮ್ಮೆ ಹೋಗಿ, ಈ ಸಲ ಹೇಳದೆ ಹೋಗಿ ಎಂದು ಒಪ್ಪಿಗೆ ಕೊಟ್ಟರು.

ಹುಣ್ಣಿಮೆಯ ಮರುದಿನ ಹೋದೆವು. ಹೇಳದೆ ಹೋದದ್ದರಿಂದ ಮನೆಯಲ್ಲಿ ಯಾರೂ ಸಿಗಲಿಲ್ಲ, ಸಿಗಬಾರದೆಂದೇ ಹೋಗಿದ್ದೆವಲ್ಲ. ಬೆಳಕು ಹರಿಯುವಾಗ ಹೊಳೆಯ ದಂಡೆಗೆ ಇಳಿದರೆ ನಡುನೀರಿನಲ್ಲಿ ಸಾಲಾಗಿ ಹೆಂಗಸರು ಬಗ್ಗಿದ್ದರು. ಬಲೆಯ ಚೀಲ ಸೊಂಟಕ್ಕೆ, ಕೈ ಕೆಸರಿನೊಳಗೆ. ನಾನು ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಹಾಕಿ, ಸೀರೆ ಎತ್ತಿ ಕಟ್ಟಿ ಇಳಿದೆ. ಮೊದಲ ಹೆಜ್ಜೆಗೇ ಕೆಸರು ಒಂದು ಚಪ್ಪಲಿಯನ್ನು ನುಂಗಿತು. ಹೆಂಗಸರೆಲ್ಲ ಬೆನ್ನು ನೆಟ್ಟಗೆ ಮಾಡಿ ನೋಡಿ ನಕ್ಕರು. “ಅಕ್ಕೋರು ಬಳಚು ಹೆಕ್ಕೂಕೆ ಬಂದ್ರು” ಎಂದು ಒಬ್ಬಳು ಕೂಗಿದಳು. ನನ್ನನ್ನು ನೋಡಿ ನಗಲಿ ಎಂದು ನಾನೂ ಬಿಟ್ಟೆ, ನಗುವವರು ಸುಳ್ಳು ಹೇಳುವುದಿಲ್ಲ.

ಈ ಸಲ ಪ್ರಶ್ನೆಯನ್ನು ನಾವೇ ಬದಲಾಯಿಸಿಕೊಂಡಿದ್ದೆವು. ಕಳೆದ ವಾರ ಶಾಲೆಗೆ ಹೋಗಿದೆಯೇ ಎಂದಲ್ಲ, ಮಗು ಈ ಹೊತ್ತಿನಲ್ಲಿ ಎಲ್ಲಿದೆ ಎಂದು ಕೇಳಿದೆವು. ಆ ಹುಡುಗಿಯ ತಾಯಿಯ ಬಳಿ ಹೋಗಿ ನಿಂತು ಅದನ್ನೇ ಕೇಳಿದೆ. ಅವಳು ಕೆಸರಿನ ಕೈ ಎತ್ತಿ ದಂಡೆಯ ಕಡೆ ತೋರಿಸಿದಳು. ಅಲ್ಲಿ ಅವಳ ಮಗಳು ತಮ್ಮನನ್ನು ಸೊಂಟಕ್ಕೆ ಹಾಕಿಕೊಂಡು ನಿಂತಿದ್ದಳು. ಕೂಸು ಹಸಿದು ಅಳುತ್ತಿತ್ತು. ತಾಯಿ ಒಂದು ಗಳಿಗೆ ಆ ಕಡೆ ನೋಡಿ ಮತ್ತೆ ಬಗ್ಗಿದಳು.

“ಆವತ್ತು ಸುಳ್ಳು ಹೇಳಿದ್ದಲ್ಲಾ ಅಕ್ಕೋರೆ” ಎಂದಳು, ತಲೆ ಎತ್ತದೆಯೇ. “ಆ ವಾರ ಖರೇ ಹೋಗಿತ್ತು.”

“ಗೊತ್ತು ತಂಗಿ. ಕೇಳೂಕೆ ಬಂದವರಿಗೇ ಬುದ್ಧಿ ಇರ್ಲಿಲ್ಲ” ಎಂದೆ.

“ಮಗಳಿಗೆ ಓದೂ ಆಸೆ ಅದೆ. ನಂಗೂ ಅದೆ. ನೀರು ಕೇಳುಲಾ.” ಚೀಲಕ್ಕೆ ಒಂದು ಮುಷ್ಟಿ ಚಿಪ್ಪಿ ಹಾಕಿದಳು. “ಆ ಕೋಣೆ ನಸುಕಿಗೇ ತೆಗದ್ರೆ ಸಾಕಿತ್ತು.”

ಆ ಕೊನೆಯ ಮಾತನ್ನು ಅವಳು ಹ್ಯಾಗೆ ಹೇಳಿದಳೋ ಹಾಗೆಯೇ ಫೋನಿಗೆ ಹಾಕಿದೆ. ಉಳಿದ ಹೆಂಗಸರೂ ಬೇರೆ ಬೇರೆ ಮಾತಿನಲ್ಲಿ ಅದನ್ನೇ ಹೇಳಿದರು. ಕಿನ್ನರದಿಂದ ಬಂದ ಉತ್ತರಗಳೂ ಅವೇ ಆಗಿದ್ದವು. ಸಾಹೇಬರಿಗೆ ಈ ಸಲ ಅಲ್ಲಿ ಊಟ ಸಿಗಲಿಲ್ಲ.

ದಂಡೆಗೆ ಬಂದಾಗ ಹುಡುಗಿ ನನ್ನ ಒಂಟಿ ಚಪ್ಪಲಿ ನೋಡಿ ನಗು ತಡೆದುಕೊಂಡಳು. “ಬೆಂಗಳೂರಿನವ್ರು ಓದಿದ್ರಾ?” ಎಂದು ಕೇಳಿದಳು. ಓದಿದ್ದಾರೆ, ಆದರೆ ನಾವು ತಪ್ಪು ಕಳಿಸಿದ್ದೆವು, ಈಗ ಸರಿ ಕಳಿಸುತ್ತೇವೆ ಎಂದೆ. ಅವಳು ಸ್ವಲ್ಪ ಯೋಚಿಸಿ, “ತಪ್ಪು ಬರದ್ರೆ ನಮ್ಗೆ ಮಾಸ್ತರು ಹತ್ತು ಸಲ ಬರೆಸ್ತ್ರು” ಎಂದಳು. ನಮಗೆ ಎರಡೇ ಸಲಕ್ಕೆ ಬಿಟ್ಟರಲ್ಲ, ಅದೇ ಪುಣ್ಯ.

ಆಮೇಲೆ ಬಹಳ ದಿನ ಸುದ್ದಿಯಿಲ್ಲ. ಕೋಣೆಯನ್ನು ಒಯ್ಯುವುದಿಲ್ಲ ಎಂದಷ್ಟೇ ತಿಳಿಯಿತು. ಮಳೆಗಾಲ ಬಂತು. ಮಳೆಯಲ್ಲಿ ಹೊಳೆ ಸಿಹಿನೀರಾಗಿ ಕೆಂಪಗೆ ಹರಿಯುತ್ತದೆ, ಚಿಪ್ಪಿಯ ಕೆಲಸ ನಿಲ್ಲುತ್ತದೆ, ಹುಡುಗಿಯರು ಎಲ್ಲ ತಿಥಿಗಳಲ್ಲೂ ಶಾಲೆಗೆ ಹೋಗುತ್ತಾರೆ. ಮಳೆ ನಿಂತ ಮೇಲೇನು ಎಂದು ನನಗೆ ಒಳಗೊಳಗೆ ಕೊರೆಯುತ್ತಲೇ ಇತ್ತು. ನಾನು ಸಾಹೇಬರ ತಲೆ ತಿಂದೆ, ಸಾಹೇಬರು ಮೇಡಮ್ಮರ ತಲೆ ತಿಂದರು. ಮೇಡಮ್ ಯಾರ ತಲೆ ತಿಂದರೋ, ದಸರೆ ಕಳೆದ ಮೇಲೆ ಒಂದು ಸಭೆ ಆಯಿತು. ಕೀಲಿಕೈ ಆಯಾಳ ಬಳಿಯೇ ಇರಲಿ, ನೀರು ನೋಡಿ ಕೋಣೆ ತೆಗೆಯಲಿ, ಅಷ್ಟಮಿಯ ಸುತ್ತಿಗೆ ರಜೆ ತೆಗೆದುಕೊಳ್ಳಲಿ ಎಂದು ಒಪ್ಪಿದರು. ನಸುಕಿನಲ್ಲಿ ಎದ್ದು ಬರಲು ಆಯಾ ಒಂದೇ ಕರಾರು ಹಾಕಿದಳಂತೆ. ಹೊಳೆಗೆ ಹೋಗುವ ಮೊದಲ ಹೆಂಗಸು ಅವಳಿಗೆ ಚಾ ತಂದು ಕೊಡಬೇಕು.

ಒಪ್ಪಿದ್ದು ಕಿವಿಗೆ ಬಿದ್ದರೂ ನನಗೆ ಸಮಾಧಾನವಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾನು ಸಾಕಷ್ಟು ಬೆಲೆ ಕೊಟ್ಟು ಕಲಿತಿದ್ದೆ. ಕಾರ್ತಿಕದ ಅಮಾವಾಸ್ಯೆಯ ಮರುದಿನ ಯಾರಿಗೂ ಹೇಳದೆ ಹೋದೆ. ಕೇರಿಯ ಮನೆಗಳಿಗೆ ಚಿಲಕ ಬಿದ್ದಿತ್ತು. ತೊಟ್ಟಿಲ ಕೋಣೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಇರಲಿಲ್ಲ. ದಾಪುಗಾಲು ಹಾಕಿದೆ. ಒಳಗೆ ಇಣುಕಿದರೆ ಕೋಣೆ ಕೂಸುಗಳಿಂದ ತುಂಬಿತ್ತು, ಕೂಸುಗಳಿಗೆ ಚಪ್ಪಲಿ ಎಲ್ಲಿಂದ ಬರಬೇಕು? ಗೋಡೆಗೊಂದು ಕ್ಯಾಲೆಂಡರ್ ಬಂದಿತ್ತು. ಆ ಹುಡುಗಿಯ ತಮ್ಮ ಈಗ ನಡೆಯಲು ಕಲಿತವನು, ನಡೆದೂ ನಡೆದೂ ದಣಿದು ತೊಟ್ಟಿಲಲ್ಲಿ ಮಲಗಿದ್ದ. ಗೋಡೆಗುಂಟ ಯಾರೂ ಕೂತಿರಲಿಲ್ಲ.

“ಹುಡುಗಿಯರೆಲ್ಲ ಎಲ್ಲಿ?” ಎಂದು ಆಯಾಳನ್ನು ಕೇಳಿದೆ.

ಅವಳು ನನ್ನನ್ನು, ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ ನೋಡಿದಳು. “ಅಮಾಸೆ ನೀರು ಅಲ್ದಾ ಅಕ್ಕೋರೆ? ಎಲ್ಲಾ ಶಾಲೆಗೆ ಹೋಗೀದ್ವು.”

ಅದನ್ನೂ ನಂಬದೆ ಶಾಲೆಯ ತನಕ ನಡೆದೆ. ಏಳನೆಯ ತರಗತಿಯ ಕಿಟಕಿ ರಸ್ತೆಯ ಕಡೆಗಿದೆ. ಮಾಸ್ತರರು ಹಲಗೆಯ ಮೇಲೆ ಏನೋ ಬರೆಯುತ್ತಿದ್ದರು. ಅವಳು ಎರಡನೆಯ ಸಾಲಿನಲ್ಲಿ ಕೂತಿದ್ದಳು, ಕಾಲರು ಒಣಗಿತ್ತು. ಬರೆಯುತ್ತಿದ್ದವಳು ತಲೆ ಎತ್ತಿ ನನ್ನನ್ನು ಕಂಡಳು. ಕಂಡೊಡನೆ ಅವಳ ಮುಖ ಬದಲಾಯಿತು. ಪೆನ್ನು ಕೆಳಗಿಟ್ಟು, ಮೇಜಿಗೆ ಕೈ ಊರಿ ಅರ್ಧ ಎದ್ದಳು. ತಮ್ಮ ಅಳುತ್ತಿದ್ದಾನೆ, ಕರೆಯಲು ಬಂದಿದ್ದೇನೆ ಎಂದುಕೊಂಡಿದ್ದಳು.

ನಾನು ಬೇಡ ಬೇಡ ಎಂದು ತಲೆಯಾಡಿಸಿದೆ. ಎರಡೂ ಕೈ ಜೋಡಿಸಿ ಕೆನ್ನೆಗೆ ಒತ್ತಿ, ಮಲಗಿದ್ದಾನೆ ಎಂದು ತೋರಿಸಿದೆ. ಅವಳು ನಂಬುವುದೋ ಬೇಡವೋ ಎಂದು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಕೂತುಕೊಂಡು ಪೆನ್ನು ಎತ್ತಿಕೊಂಡಳು.